ಬನ್ನಿಯ ಬಳಗದ ಬಳ್ಳಾರಿ ಜಾಲಿ

ಹೊಸಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಗಿಡಗಳಿಂದ ಯಾವ ತೊಂದರೆಯೂ ಇಲ್ಲ. ಗಿಡಗಳ ಬಗ್ಗೆ ಬಾಯಿ ಬಿಟ್ಟಾಗಲೇ ಏನಾದರೊಂದು ಆಗುತ್ತದೆ. ಅದರಲ್ಲೂ ನಾವು ಪೂಜಿಸುವ ಬನ್ನಿ, ನಾವು ಬೈಯುವ ಬಳ್ಳಾರಿ ಜಾಲಿ, ಎರಡೂ ಒಂದೇ ಬಳಗ ಎಂದಾಗ.

ಎಲೆಯ ಬಣ್ಣ

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಎರಡೂ ಗಿಡಗಳ ಟೊಂಗೆ ತರಲು ಸಂಡೂರಿನ ಒಬ್ಬ ವಿದ್ಯಾರ್ಥಿನಿಗೆ ಹೇಳಿದ್ದೆ. ತಂದಳು. ಧೂಳು ಮೆತ್ತಿ ಎರಡೂ ಇಟ್ಟಂಗಿ ಬಣ್ಣ. ಬನ್ನಿಯ ಮುಳ್ಳು ಗಿಡ್ಡ, ಜಾಲಿಯದು ಉದ್ದ, ಎಲೆ ಮಾತ್ರ ಎರಡರದೂ ಹಸಿರು ಎಂದು ಪಾಠ ಮಾಡಿದೆ. ಆಕೆ ಟೊಂಗೆಯನ್ನೂ ನನ್ನನ್ನೂ ನೋಡಿ, "ಹೌದ್ರಿ ಸರ್, ಪುಸ್ತಕದಾಗ ನಾವೂ ಹಂಗ ಓದೀವಿ" ಎಂದಳು.

ಅವ್ವನ ವರ್ಗೀಕರಣ

ಊಟದ ಹೊತ್ತಿಗೆ ಮನೆಯಲ್ಲೂ ಈ ಬಳಗದ ವಿಷಯ ತೆಗೆದೆ. ಅವ್ವನಿಗೆ ಆಶ್ಚರ್ಯವೇ ಆಗಲಿಲ್ಲ. "ಇರಲಿ ಬಿಡಪ್ಪ, ಎಲ್ಲಾರ ಮನಿತನದಾಗೂ ಒಬ್ಬಾಂವ ಹಂಗ ಇರ್ತಾನ" ಎಂದು ಅಪ್ಪನ ತಮ್ಮನ ಕಡೆ ನೋಡಿದಳು. ಕಾಕಾ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಎಮ್ಮಿಗನೂರಿನ ಮುಳ್ಳು

ನಮ್ಮ ನೆರೆಮನೆಯವರು ಗದ್ದೆ ಬಿಟ್ಟು ಲಾರಿ ಕೊಂಡಾಗಿನಿಂದ ಎಮ್ಮಿಗನೂರಿನಲ್ಲಿದ್ದ ಅವರ ಅಣ್ಣ ಮಾತು ಬಿಟ್ಟಿದ್ದರು. ದಸರೆಗೆ ಬನ್ನಿ ಎಲೆ ಕೊಟ್ಟು ಹಳೆಯ ಜಗಳ ಮರೆಯುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ನೆರೆಯವರು ಗಟ್ಟಿ ಮನಸ್ಸು ಮಾಡಿದರು. ಒಬ್ಬರೇ ಹೋಗಲು ಅಂಜಿಕೆಯಾಗಿ ನನ್ನನ್ನೂ ಕರೆದುಕೊಂಡರು. ಬನ್ನಿ ತರಲು ಹೇಳಿದ್ದು ದೂರದ ರಾಜ್ಯದಿಂದ ಬಂದಿದ್ದ ಅವರ ಡ್ರೈವರನಿಗೆ. ಆತ ರಸ್ತೆ ಬದಿ ಧೂಳು ಮೆತ್ತಿ ಕೆಂಪಗೆ ನಿಂತಿದ್ದ ಯಾವುದನ್ನೋ ಮುರಿದು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ದಾರಿಯುದ್ದಕ್ಕೂ ನೆರೆಯವರು ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಅಣ್ಣ ಬಾಗಿಲು ತೆಗೆಯುತ್ತಾನೋ ಇಲ್ಲವೋ ಎಂದು ನನ್ನನ್ನೇ ಕೇಳುತ್ತಿದ್ದರು. ಪಾಪ ಎನಿಸಿತು.

ಅಣ್ಣ ಬಾಗಿಲು ತೆಗೆದರು. ಮಾತಾಡಲಿಲ್ಲ, ಆದರೆ ಅಂಗೈ ಚಾಚಿದರು. ತಮ್ಮ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತಾ ಪೊಟ್ಟಣದಲ್ಲಿದ್ದದ್ದನ್ನು ಭಕ್ತಿಯಿಂದ ಒತ್ತಿ ಕಾಲಿಗೆ ಬಿದ್ದರು. ಉದ್ದನೆಯ ಮುಳ್ಳು ಅಣ್ಣನ ಅಂಗೈಗೆ ಇಳಿದು ಅಲ್ಲೇ ಮುರಿಯಿತು.

"ಇಷ್ಟು ವರ್ಷಕ್ಕ ಬಂದಿ, ಜಾಲಿ ತಂದೀಯಲ್ಲೋ?" ಎಂದರು ಅಣ್ಣ.

ಮೇಷ್ಟ್ರಾದವನು ಸುಮ್ಮನಿರಬಾರದಲ್ಲ, ಎರಡೂ ಒಂದೇ ಬಳಗ ಎಂದೆ. "ಒಂದ ಬಳಗ ಅಂತ ನಮಗೂ ಗೊತ್ತೈತ್ರಿ. ಒಳಗ ಬರ್ರಿ" ಎಂದರು ಅಣ್ಣ.

ಮುಳ್ಳು ಸುಲಭಕ್ಕೆ ಬರಲಿಲ್ಲ. ತಮ್ಮನೇ ಕನ್ನಡಕ ಏರಿಸಿ, ಅಣ್ಣನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪಿನ್ನಿನಿಂದ ಕೆದಕುತ್ತಾ ಕುಳಿತರು. ಗದ್ದೆಯ ಸುದ್ದಿ, ಲಾರಿಯ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಹೊರಬಂದ ಮೇಲೆ ಮುಳ್ಳೂ ಬಂತು. ಅಷ್ಟರಲ್ಲಿ ಒಳಗೆ ಊಟಕ್ಕೆ ಬಡಿಸಿದ್ದರು.

ಹೊರಟಾಗ ಅಣ್ಣ ತಮ್ಮನ ಹೆಗಲ ಮೇಲೆ ಕೈ ಹಾಕಿ ಹೇಳಿದರು: "ಮುಂದಿನ ವರ್ಷಾನೂ ಜಾಲೀನ ತಗೊಂಡ್ ಬಾ. ಬನ್ನಿ ಆದ್ರ ಕೊಟ್ಟು ಓಡಿಹೋಗ್ತಿ."