ಹಲಗೇರಿ ಕೆಂಪು ಟ್ರ್ಯಾಕ್ಟರ್ ಮತ್ತು ಇಪ್ಪತ್ತಮೂರು ಫೋಲ್ಡರ್‌ಗಳು

ಹೋದ ವರ್ಷ ದೀಪಾವಳಿ ಮುಗಿದ ವಾರ ನಾನು ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರದ ಒಂದು ಹಾಡಿನ ಅಂಗಡಿಗೆ ಕೆಲಸಕ್ಕೆ ಸೇರಿದೆ. ಹಾಡುಗಳನ್ನು ಸರಿಯಾಗಿ ವಿಂಗಡಿಸಬಹುದು ಎಂದು ನಂಬಿದವರಿಗೆ ಅಂಥ ಅಂಗಡಿಯಲ್ಲಿ ದಿನಕ್ಕೊಂದು ಪ್ರಸಂಗ ಖಾತ್ರಿ. ಕೆಲವು ದಿನ ನನಗೆ ಎರಡೆರಡು ಆದವು.

೧. ಜನ ಎಲ್ಲಿ ಹೋದರು?

ಅಂಗಡಿಯ ಕೆಲಸ ಪೆನ್‌ಡ್ರೈವ್‌ಗೆ ಹಾಡು ತುಂಬಿಕೊಡುವುದು. ಮೊಬೈಲ್‌ನಲ್ಲಿ ಎಲ್ಲ ಸಿಗುವಾಗ ಇದು ಯಾರಿಗೆ ಬೇಕು ಎಂದು ನಾನೂ ಕೇಳಿದ್ದೆ. ನಮ್ಮ ಮಾಲೀಕರು ಮೂವತ್ತು ವರ್ಷ ಟೇಪ್ ರೆಕಾರ್ಡರ್ ಬಗಲಲ್ಲಿಟ್ಟುಕೊಂಡು ಸುತ್ತಲಿನ ಊರು ತಿರುಗಿದವರು. ಭಜನೆ, ಸೋಬಾನೆ, ಗೀಗೀ ಪದ, ಮೊಹರಂನಲ್ಲಿ ಹಾಡುವ ರಿವಾಯತ್, ಯಾರು ಏನು ಹಾಡಿದರೂ ಮುದ್ರಿಸಿಕೊಂಡಿದ್ದರು. ಅದೆಲ್ಲ ಈಗ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಅದು ಮೊಬೈಲ್‌ನಲ್ಲಿ ಸಿಗುವುದಿಲ್ಲ.

ಡಿಸ್ಕ್ ತೆರೆದು ನೋಡಿದೆ. ಫೋಲ್ಡರ್‌ಗಳ ಹೆಸರು ಹೀಗಿದ್ದವು: ‘ಹಲಗೇರಿ ಕೆಂಪು ಟ್ರ್ಯಾಕ್ಟರ್’. ‘ಬ್ಯಾಡಗಿ ತೊಟ್ಟಿನ ಅಕ್ಕಂದಿರು’. ‘ಅಳು ಬರೋವು’. ‘ಗಿರಣಿಯವರು ಅಲ್ಲ, ಅವರ ತಮ್ಮ’.

ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಮಾಡಿದವಳು, ಸಸ್ಯಶಾಸ್ತ್ರ. ಗಿಡವನ್ನು ‘ಇದು ಅವರ ಹಿತ್ತಲದ್ದು’ ಎಂದು ವರ್ಗೀಕರಿಸಿದರೆ ನಮ್ಮಲ್ಲಿ ಫೇಲ್ ಮಾಡುತ್ತಾರೆ. ಗಿಡ ಗುರುತಿಸುವ ಸೂತ್ರದ ಹಾಗೆಯೇ ಹಾಡಿಗೂ ಒಂದು ಪ್ರಶ್ನಾವಳಿ ಬರೆದೆ. ವಾದ್ಯ ಇದೆಯೇ? ಇಲ್ಲದಿದ್ದರೆ ಐದನೇ ಪ್ರಶ್ನೆಗೆ ಹೋಗಿ. ದೇವರ ಹೆಸರಿದೆಯೇ? ಯಾವ ದೇವರು? ಹದಿನಾಲ್ಕನೇ ಪ್ರಶ್ನೆ: ಯಂತ್ರದಂತೆ ಒಂದೇ ಸಮನೆ ಬಡಿಯುವ ತಾಳವಿದೆಯೇ? ಇದ್ದರೆ, ಡಿಜೆ.

ಪ್ರತಿ ಹಾಡಿನ ಮೊದಲ ಹತ್ತು ಸೆಕೆಂಡು ಕೇಳಿದೆ. ಹದಿನೆಂಟು ದಿನದಲ್ಲಿ ನಾಲ್ಕು ಸಾವಿರ ಚಿಲ್ಲರೆ ಹಾಡುಗಳು ಇಪ್ಪತ್ತಮೂರು ಪ್ರಕಾರಗಳಲ್ಲಿ, ಹೊಸ ಕ್ರಮಸಂಖ್ಯೆಯೊಂದಿಗೆ ಕುಳಿತವು. ಹಳೆಯ ಫೋಲ್ಡರ್‌ಗಳು ಖಾಲಿಯಾದವು. ಅವನ್ನು ಅಳಿಸಿದೆ.

ಮಾಲೀಕರು ಕನ್ನಡಕ ಏರಿಸಿ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

“ಭಾಳ ಛಂದ ಆಗೈತಿ ತಂಗೀ,” ಅಂದರು. “ಆದ್ರ ಇದರಾಗ ಇದ್ದ ಜನಾ ಎಲ್ಲಿ ಹ್ವಾದ್ರು?”

೨. ಬೀಗರ ಭಾಷೆ

ಅದಾದ ಮೂರನೇ ದಿನವೇ ಹಿಂದಿನ ಓಣಿಯ ದರ್ಜಿ ಬಂದರು. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಸಂಕ್ರಾಂತಿಯಾಗಿ ಎರಡನೇ ಐತವಾರ ಹಾವೇರಿಯಲ್ಲಿ ಅವರ ಮಗಳ ನಿಕಾಹ್. ಅದರ ಹಿಂದಿನ ದಿನ ಮನೆಯಲ್ಲಿ ಅರಿಶಿನ. ಅವರ ತಾಯಿ ಅರಿಶಿನ ಹಚ್ಚುವಾಗ ಹಾಡುತ್ತಿದ್ದ ಹಾಡೊಂದನ್ನು ಮಾಲೀಕರು ಎಂದೋ ಅಂಗಿ ಹೊಲಿಸಲು ಹೋದಾಗ ಮುದ್ರಿಸಿಕೊಂಡಿದ್ದರಂತೆ. ತಾಯಿ ತೀರಿಕೊಂಡು ಆರು ವರ್ಷ. ದರ್ಜಿಯವರ ಮನೆಯ ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡು ಹರಿದುಹೋಗಿದೆ.

“ನಿಮ್ಮಲ್ಲಿ ಐತಲ್ರಿ, ‘ದರ್ಜಿ ಮನಿ’ ಅಂತ. ಹುಡುಗಿ ಒಂದ ಮಾತು ಕೇಳ್ಯಾಳ, ಅಜ್ಜಿ ದನಿ ಬೇಕು ಅಂತ.”

‘ದರ್ಜಿ ಮನಿ’ ಎಂಬ ಫೋಲ್ಡರ್ ಇತ್ತು. ಅದನ್ನು ಅಳಿಸಿದವಳು ನಾನು.

ಮಾಲೀಕರು ನನ್ನನ್ನು ಬೈಯಲಿಲ್ಲ. ಮೂರು ಚಹಾ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಹುಡುಕಿಕೊಡುತ್ತೇನೆ ಎಂದು ಮಾತು ಕೊಟ್ಟು, ಪ್ರಶ್ನಾವಳಿ ತೆಗೆದುಕೊಂಡು ಕೂತೆ.

“ಹಿನ್ನೆಲೆಯಲ್ಲಿ ವಾದ್ಯ?”

“ಏನೂ ಇಲ್ರಿ. ನಮ್ಮ ಮನ್ಯಾಗ ಹಾಡಿದ್ದು. ಬರೇ ಅವ್ವ.”

ಬರೆದುಕೊಂಡೆ: ವಾದ್ಯ, ಇಲ್ಲ.

“ಭಾಷೆ?”

“ಒಂದು ಸಾಲು ಉರ್ದು, ಒಂದು ಸಾಲು ಕನ್ನಡ. ಬೀಗರನ್ನ ಬೈಯೋ ಸಾಲು ಬಂದ್ರ ಮಾತ್ರ ಪೂರಾ ಕನ್ನಡ.”

“ಅದು ಯಾಕ್ರಿ?”

“ಅರಿಶಿನಕ್ಕ ಓಣಿ ಮಂದಿ ಎಲ್ಲಾ ಬಂದಿರ್ತಾರ. ಬೈದದ್ದು ಎಲ್ಲಾರಿಗೂ ತಿಳೀಬೇಕಲ್ರಿ.”

೩. ತುಂಬಿದ ಟ್ರೇಲರ್, ಖಾಲಿ ಟ್ರೇಲರ್

ವಾದ್ಯವಿಲ್ಲದ ಹಾಡುಗಳನ್ನೆಲ್ಲ ಮೊದಲಿನಿಂದ ಕೇಳಲು ಕೂತೆ. ನಡುವೆ ಹಲಗೇರಿ ಕೆಂಪು ಟ್ರ್ಯಾಕ್ಟರ್ ಬಂತು. ಬಂದವರು ಚಾಲಕ. ಆದರೆ ಅಂಗಡಿಯಲ್ಲಿ ಅವರನ್ನೂ ಕೆಂಪು ಟ್ರ್ಯಾಕ್ಟರ್ ಎಂದೇ ಕರೆಯುತ್ತಾರೆ.

“ನಮ್ಮ ಹಾಡು ತುಂಬ್ರಿ ಮೇಡಂ.”

“ಯಾವ ಪ್ರಕಾರದ್ದು?”

“ಟ್ರ್ಯಾಕ್ಟರ್ ಹಾಡು.”

“ಟ್ರ್ಯಾಕ್ಟರ್ ಒಂದು ಪ್ರಕಾರ ಅಲ್ರಿ.”

ಅವರು ಹೊರಗೆ ನಿಂತ ಟ್ರ್ಯಾಕ್ಟರ್ ಕಡೆಗೂ ನನ್ನ ಕಡೆಗೂ ನೋಡಿದರು. ಮನೆಯವರಿಗೆ ಯಾರೋ ಏನೋ ಅಂದ ಹಾಗೆ.

ಆಮೇಲೆ ವಿವರಿಸಿದರು. ಟ್ರೇಲರ್ ತುಂಬಿದಾಗ ಭಜನೆ ಬೇಕು. ನಿಧಾನ ಹೋಗುತ್ತದೆ, ಚೀಲ ಉದುರುವುದಿಲ್ಲ. ಖಾಲಿ ಬರುವಾಗ ಜನಪದ ಬೇಕು, ಅದೂ ಡಬಲ್ ಬಡಿತದ್ದು. ಬೇರೆ ಊರೊಳಗೆ ಹಾಯುವಾಗ ಆ ಊರಿನ ಮೇಳದ್ದೇ ಒಂದು ಹಾಡು ಹಚ್ಚಬೇಕು, ಅಡ್ಡ ನಿಂತ ಎತ್ತಿನ ಗಾಡಿಯೂ ದಾರಿ ಬಿಡುತ್ತದೆ.

ನನ್ನ ಸೂತ್ರದಲ್ಲಿ ಭಾರದ ಪ್ರಶ್ನೆ ಇರಲಿಲ್ಲ. ಶ್ರದ್ಧೆಯಿಂದ ಬರೆದುಕೊಂಡೆ.

“ಮತ್ತ ರಿವರ್ಸ್ ತಗೊಳ್ಳಾಕ ಬ್ಯಾರೇನ ಐತ್ರಿ,” ಅಂದರು.

ಪೆನ್ನು ಹಿಡಿದು ಕೇಳಿದೆ, “ಅದಕ್ಕ ಯಾವುದು?”

“ಬಂದ್ ಮಾಡೋದು. ಹಾಡು ಹಚ್ಚಿದ್ರ ಹಿಂದ ಕಾಣಂಗಿಲ್ಲ.”

೪. ಒಂದೇ ಕ್ಯಾಸೆಟ್ಟಿನ ಎರಡು ಬದಿ

ವಾದ್ಯವಿಲ್ಲದ್ದರಲ್ಲಿ ದರ್ಜಿಯವರ ತಾಯಿ ಸಿಗಲಿಲ್ಲ. ಉರ್ದುವಿನಲ್ಲಿ ನೋಡಿದೆ, ಸೋಬಾನೆಯಲ್ಲಿ ನೋಡಿದೆ. ಎರಡರಲ್ಲೂ ಇಲ್ಲ. ಅರಿಶಿನಕ್ಕೆ ಮೂರು ವಾರ ಉಳಿದಿತ್ತು. ದರ್ಜಿಯವರು ದಿನಾ ಸಂಜೆ ಬಾಗಿಲಲ್ಲಿ ನಿಂತು, ಒಳಗೆ ಬರದೆ, ನನ್ನ ಮುಖ ನೋಡಿ ಹೋಗುತ್ತಿದ್ದರು.

ಆ ವಾರ ಕುಪ್ಪೇಲೂರಿನ ಇಬ್ಬರು ಹಿರಿಯರು ಬಂದರು. ಒಬ್ಬರು ಹಣೆಗೆ ವಿಭೂತಿ ಹಚ್ಚಿದ ರೈತರು, ಇನ್ನೊಬ್ಬರು ಟೋಪಿ ಹಾಕಿದ, ಮನೆ ಕಟ್ಟುವ ಗೌಂಡಿ. ತಮ್ಮ ಮೇಳದ ಹಳೇ ಕ್ಯಾಸೆಟ್ಟು ಬೇಕಿತ್ತು. ಒಂದು ಬದಿಗೆ ಮೊಹರಂ ರಿವಾಯತ್, ಇನ್ನೊಂದು ಬದಿಗೆ ಶ್ರಾವಣದ ಭಜನೆ. ನಾನು ಮೊದಲನೆಯದನ್ನು ‘ಇಸ್ಲಾಂ ಭಕ್ತಿ’ಯಲ್ಲೂ ಎರಡನೆಯದನ್ನು ‘ಹಿಂದೂ ಭಕ್ತಿ’ಯಲ್ಲೂ ಇಟ್ಟಿದ್ದೆ. ಇಬ್ಬರನ್ನೂ ಪರದೆಯ ಮುಂದೆ ಕೂರಿಸಿ ತೋರಿಸಿದೆ.

“ಅಲ್ಲವಾ, ನಮ್ಮಿಬ್ಬರನ್ನ ಯಾಕ ಬ್ಯಾರೆ ಮಾಡೀದಿ?” ಅಂದರು ರೈತರು.

“ಇದು ನಿಮ್ಮದಲ್ಲ, ಇವರದ್ದು,” ಎಂದು ರಿವಾಯತ್ ತೋರಿಸಿದೆ.

“ಅದರಾಗ ಮುಂದ ಹಾಡಾಂವ ನಾ.”

“ಹಾಗಾದರೆ ಭಜನೆಯಲ್ಲಿ?”

“ತಾಳ ನಂದು,” ಅಂದರು ಗೌಂಡಿ. “ಇಂವಗ ದನಿ ಐತಿ, ಲೆಕ್ಕ ಇಲ್ಲ. ನನಗ ಲೆಕ್ಕ ಐತಿ, ದನಿ ಇಲ್ಲ. ಅದಕ್ಕ ಮೇಳ ಒಂದ.”

“ಇಬ್ಬರಲ್ಲಿ ಎಂದೂ ಭೇದ ಬಂದಿಲ್ಲವೇ?”

“ಬಂದೈತಿ. ಇಂವಾ ಮೂರನೇ ನುಡಿಗೆ ಬಂದ್ರ ಓಡ್ತಾನ.”

“ನೀ ಮಲಗತಿ,” ಅಂದರು ರೈತರು. “ಇಕಾ ತಂಗೀ, ನಿನಗ ಎರಡು ಫೋಲ್ಡರ್ ಮಾಡೂದ ಇದ್ರ ಹಿಂಗ ಮಾಡು. ಓಡೂದು ಒಂದು, ಮಲಗೂದು ಒಂದು.”

ಅವರೆದುರಿಗೇ ಎರಡನ್ನೂ ಮತ್ತೆ ಕೂಡಿಸಿದೆ. ಗೌಂಡಿಯವರು ಕಿವಿಗೊಟ್ಟು ಕೇಳಿ, ಮೂರನೇ ನುಡಿ ಬಂದಾಗ ಗೆಳೆಯನ ತೊಡೆ ಚಿವುಟಿದರು.

೫. ತೊಟ್ಟು ಕೊಡು

ದರ್ಜಿಯವರ ತಾಯಿ ಹಂಗಾಮಿನಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದರು. ಜೊತೆಗಿದ್ದ ಹೆಂಗಸರಿಗೆ ಆ ಹಾಡು ನೆನಪಿದ್ದರೆ ಧಾಟಿಯಾದರೂ ಸಿಗುತ್ತದೆ, ಧಾಟಿ ಸಿಕ್ಕರೆ ಹುಡುಕುವುದು ಸುಲಭ. ಮಾಲೀಕರು ರೆಕಾರ್ಡರ್ ಕೊಟ್ಟು ಕಳಿಸಿದರು.

ಗೋದಾಮಿನಲ್ಲಿ ಕೆಂಪು ರಾಶಿ, ಸುತ್ತ ಹನ್ನೆರಡು ಅಕ್ಕಂದಿರು, ಸೆರಗು ಮೂಗಿಗೆ. ವಿಷಯ ಹೇಳಿದೆ. “ಅಯ್ಯ, ಅಕಿ ಹಾಡ ಬರ್ತೈತೇಳ,” ಎಂದರು ಎಲ್ಲರೂ. ಮುದ್ರಣ ಶುದ್ಧವಾಗಿರಲಿ ಎಂದು ಕೆಲಸ ನಿಲ್ಲಿಸಲು ಹೇಳಿದೆ. ಕೈ ಒರೆಸಿಕೊಂಡು ಸಾಲಾಗಿ ಕೂತರು, ಫೋಟೊಕ್ಕೆ ಕೂತ ಹಾಗೆ.

ಯಾರಿಗೂ ಮೊದಲ ಶಬ್ದ ಹೊಳೆಯಲಿಲ್ಲ.

ಒಂದು ನಿಮಿಷವಾಯಿತು. ಹಿರಿಯ ಅಕ್ಕ ಬೇಸತ್ತು ಅಂದಳು, “ಕೈ ನಿಂತ್ರ ಬಾಯಿ ಹ್ಯಾಂಗ ನಡೀತೈತೆ ಯವ್ವಾ? ತೊಟ್ಟು ಕೊಡು, ಹಾಡು ಬರ್ತೈತಿ.”

ರಾಶಿಗೆ ಕೈ ಹಾಕಿದ್ದೇ ಹಾಡು ಬಂತು. ಮೂರೇ ಸಾಲು, ಮುಂದಿನದ್ದು ಯಾರಿಗೂ ನೆನಪಿರಲಿಲ್ಲ. ಅಷ್ಟರಲ್ಲಿ ನನಗೆ ಘಾಟು ಹತ್ತಿ ಸೀನು ಶುರುವಾಯಿತು. ಆ ಮುದ್ರಣ ಈಗಲೂ ಇದೆ. ಏಳು ಸೀನು, ಏಳೂ ನನ್ನವು.

“ಹುಡುಗಿ ಸೀನಿದ್ರೂ ತಾಳ ತಪ್ಪಲಿಲ್ಲ,” ಎಂದಳು ಹಿರಿಯ ಅಕ್ಕ. “ಅಕಿನ್ನೂ ಕರಕೊಳ್ರೆ ಮೇಳಕ್ಕ.”

೬. ಹದಿನಾಲ್ಕನೇ ಪ್ರಶ್ನೆ

ಬ್ಯಾಡಗಿಯಿಂದ ಬರುವ ಬಸ್ಸಿನಲ್ಲಿ, ಕೈ ನಿಂತರೆ ಬಾಯಿ ನಡೆಯದು ಎಂಬ ಆ ಅಕ್ಕನ ಮಾತೇ ತಲೆಯಲ್ಲಿತ್ತು. ಆ ಮಾತಿಗೆ ನಾನು ಇಂದಿಗೂ ಋಣಿ. ಅಂಗಡಿಗೆ ಹೋಗದೆ ನೇರ ದರ್ಜಿಯವರ ಹತ್ತಿರ ಹೋದೆ. ಅರಿಶಿನಕ್ಕೆ ನಾಲ್ಕು ದಿನವಿತ್ತು.

“ಅವ್ವನ ಹಾಡು ಒಂದು ಸಲ ಹಾಡಿ ತೋರಿಸ್ರಿ.”

“ನನಗೆಲ್ಲಿ ಹಾಡಾಕ ಬರ್ತೈತ್ರಿ?” ನಿಂತು ಬಾಯಿ ತೆರೆದರು. ಏನೂ ಬರಲಿಲ್ಲ.

“ಕುಂತು ಹೊಲೀರಿ. ಹೊಲೀತಾ ಹಾಡ್ರಿ.”

ಮಗಳದೇ ಕುಪ್ಪಸ ಮಷೀನಿನಲ್ಲಿತ್ತು. ಕೂತು ಪೆಡಲ್ ತುಳಿದರು. ಎರಡು ಗೇಣು ಹೊಲಿಗೆ ಮುಗಿಯುವುದರೊಳಗೆ ಹಾಡು ಬಂತು. ದನಿ ಕೆಟ್ಟದಾಗಿತ್ತು. ತಾಳ ಗಡಿಯಾರದಂತಿತ್ತು. ನಾನು ಅವರನ್ನು ಕೇಳುತ್ತಿರಲಿಲ್ಲ, ಮಷೀನನ್ನು ಕೇಳುತ್ತಿದ್ದೆ.

“ಮಾಲೀಕರು ಮುದ್ರಿಸಿಕೊಂಡ ದಿನ ಮಷೀನ್ ನಡೆದಿತ್ತೇನ್ರಿ?”

“ನಡೀಲಾರದ ಇರ್ತೈತೇನ್ರಿ? ಅಪ್ಪ ಹೊಲೀತಿದ್ದ.”

“ಹಿಂದೆ ಏನೂ ಇರಲಿಲ್ಲ ಅಂದಿದ್ದಿರಿ!”

“ಅದೇನು ಸಪ್ಪಳೇನ್ರಿ? ಅದು ಮನಿ.”

ಅಂಗಡಿಗೆ ಓಡಿ ‘ಡಿಜೆ’ ಫೋಲ್ಡರ್ ತೆರೆದೆ. ಅದೊಂದರಲ್ಲಿ ನಾನು ಹುಡುಕಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಕೂತೆ, ಐದಕ್ಕೆ ಸಿಕ್ಕಿತು. ಮೊದಲ ಹನ್ನೆರಡು ಸೆಕೆಂಡು ಬರೀ ಟಕಟಕ. ಆಮೇಲೆ ಒಬ್ಬ ಹೆಂಗಸಿನ ದನಿ. ಅಂದು ನಾನು ಹತ್ತು ಸೆಕೆಂಡಿಗೆ ನಿಲ್ಲಿಸಿದ್ದೆ.

ದರ್ಜಿಯವರು ಬಂದು ಕೇಳಿದರು. ಮುಗಿದ ಮೇಲೆ ಮೊದಲಿನ ಹನ್ನೆರಡು ಸೆಕೆಂಡನ್ನು ಮಾತ್ರ ಇನ್ನೊಮ್ಮೆ ಹಚ್ಚಲು ಹೇಳಿದರು.

“ಅಪ್ಪನ ಕಾಲು,” ಅಂದರು. “ಅವ್ವನ್ನ ಹುಡುಕಾಕ ಬಂದ್ರ ಅಪ್ಪನೂ ಸಿಕ್ಕಾನ.”

ಆಮೇಲೆ ಕೇಳಿದರು, “ಎಲ್ಲಿತ್ರಿ?”

“ಡಿಜೆಯಲ್ಲಿ.”

ನಗಲು ಶುರುಮಾಡಿದವರು ಕೊರಳ ಟೇಪಿನಿಂದಲೇ ಕಣ್ಣು ಒರೆಸಿಕೊಂಡರು. ಮಾಲೀಕರು ಮತ್ತೆ ಮೂರು ಚಹಾ ಹೇಳಿದರು. ಈ ಸಲ ಅದನ್ನು ಕುಡಿದೆ.

೭. ಅರಿಶಿನ

ಅಳಿಸಿದ ಫೋಲ್ಡರ್‌ಗಳನ್ನು ಬಂದ ಗಿರಾಕಿಗಳನ್ನೇ ಕೇಳಿ ಕೇಳಿ ಮತ್ತೆ ಕಟ್ಟತೊಡಗಿದ್ದೆ. ಈಗ ಪ್ರತಿ ಹಾಡೂ ಎರಡು ಕಡೆ ಇದೆ: ಒಂದು ನನ್ನ ಪ್ರಕಾರದಲ್ಲಿ, ಇನ್ನೊಂದು ಅದರ ಜನರ ಹೆಸರಿನಲ್ಲಿ. ಯಾರೂ ಸಿಟ್ಟಾಗಲಿಲ್ಲ. ‘ಗಿರಣಿಯವರು ಅಲ್ಲ, ಅವರ ತಮ್ಮ’ ಮಾತ್ರ ತಮ್ಮ ಫೋಲ್ಡರಿಗೆ ಅಣ್ಣನ ಹೆಸರು ಸೇರದಂತೆ ಹೆಸರು ಬದಲಿಸಲು ಕೇಳಿಕೊಂಡರು.

ಅರಿಶಿನಕ್ಕೆ ನನ್ನನ್ನೂ ಕರೆದಿದ್ದರು. ಸ್ಪೀಕರ್ ತಂದಿದ್ದು ಹಲಗೇರಿ ಕೆಂಪು ಟ್ರ್ಯಾಕ್ಟರ್. ಮೊದಲ ಸಲ ಹಾಡು ಹಚ್ಚಿದಾಗ ಮದುಮಗಳು ಕಣ್ಣು ಮುಚ್ಚಿ ಕೂತಳು, ಹಿರಿಯರು ಸೆರಗು ಕಣ್ಣಿಗೆ ಒತ್ತಿಕೊಂಡರು. ಅರಿಶಿನ ಹಚ್ಚಿದ್ದು ಅಜ್ಜಿಯ ದನಿಯಲ್ಲೇ. ಬೀಗರನ್ನು ಬೈಯುವ ಸಾಲು ಬಂದಾಗ ಹಾವೇರಿಯಿಂದ ಬಂದಿದ್ದ ಬೀಗರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಪೂರಾ ಕನ್ನಡ, ಅವರಿಗೆ ಚೆನ್ನಾಗಿ ತಿಳಿದಿತ್ತು.

ಎರಡನೇ ಸಲ ಕೆಂಪು ಟ್ರ್ಯಾಕ್ಟರ್ ದೊಡ್ಡ ಸ್ಪೀಕರಿಗೆ ತಂತಿ ಸಿಕ್ಕಿಸಿದರು. ಮಷೀನಿನ ಟಕಟಕ ಓಣಿಯ ತಗಡುಗಳನ್ನು ನಡುಗಿಸಿತು. ಹುಡುಗರು ಕುಣಿದರು. ಮದುಮಗಳು ಅರಿಶಿನದ ಕೈಯಲ್ಲೇ ಎದ್ದು ಕುಣಿದಳು. ಕೊನೆಗೆ ದರ್ಜಿಯವರೂ ಕುಣಿದರು. ಕೈ ಆಡಲಿಲ್ಲ, ಪಾದ ಮಾತ್ರ, ಪೆಡಲ್ ತುಳಿದ ಹಾಗೆ.

ಮರುವಾರ ಆ ಹಾಡು ಬೇಕೆಂದು ಅಂಗಡಿಗೆ ಜನ ಬಂದರು. ದರ್ಜಿಯವರನ್ನು ಕೇಳಿದೆ. “ಕೊಡ್ರಿ. ಅವ್ವ ಕೇಳೋರು ಸಿಕ್ರ ಬಿಡಾಕಿ ಅಲ್ಲ,” ಅಂದರು. ಬಂದ ಪ್ರತಿಯೊಬ್ಬರನ್ನೂ ಯಾವ ಪ್ರಕಾರದ ಹಾಡು ಎಂದು ಕೇಳಿ ಬರೆದುಕೊಂಡೆ.

ಸೋಬಾನೆ ಎಂದವರು: ಸೊನ್ನೆ. ಉರ್ದು ಎಂದವರು: ಸೊನ್ನೆ. ಡಿಜೆ ಎಂದವರು: ಹನ್ನೊಂದು.