ತಟಸ್ಥ ಭಾರತೀಯನ ಹಿಂದಿನ ಮಗ್ಗ

ಈ ಸಲದ ಲೋಕಸಭಾ ಚುನಾವಣೆಯಲ್ಲಿ ದೇಶವನ್ನು ಉಳಿಸಿಯೇ ತೀರುವುದು, ಆದರೆ ಉಳಿಸಿದವನು ಯಾರೆಂದು ಒಂದು ನರಪಿಳ್ಳೆಗೂ ತಿಳಿಯದಂತೆ ನೋಡಿಕೊಳ್ಳುವುದು ಎಂದು ಮೊಳಕಾಲ್ಮೂರಿನ ಪಾಲಾಕ್ಷ ತೀರ್ಮಾನಿಸಿದ. ದೇಶ ಉಳಿಸುವುದು ಅವನಿಗೆ ಅಂಥ ದೊಡ್ಡ ಕೆಲಸವಾಗಿ ಕಾಣಲಿಲ್ಲ. ಫೋನಿತ್ತು, ಬಿಡುವಿತ್ತು, ಬಾಯಿಯಂತೂ ಹುಟ್ಟಿನಿಂದಲೇ ಇತ್ತು. ಗುಟ್ಟು ಕಾಯುವುದಷ್ಟೇ ತುಸು ತ್ರಾಸದ ವಿಷಯ.

“ನೋಡ್ತಾ ಇರು ರೇಣುಕಾ,” ಎಂದು ಹೆಂಡತಿಗೆ ಹೇಳಿದ. “ಪೊಲೀಸ್ರು ನಾಯಿ ತಂದು ಮೂಸಿಸಿದ್ರೂ ನಾನು ಯಾರು ಅಂತ ಗೊತ್ತಾಗಬಾರ್ದು, ಹಂಗೆ ಮಾಡ್ತೀನಿ.”

ರೇಣುಕಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಓಡಿಸುತ್ತಿದ್ದಳು. ತಲೆ ಎತ್ತದೆ “ಕಂಡಿಕೆ” ಎಂದಳು.

ಇದು ಅವಳ ರಾಜಕೀಯ ನಿಲುವು. ಲಾಳಿಯೊಳಗೆ ಕೂರಿಸುವ ರೇಷ್ಮೆ ನೂಲಿನ ಪುಟ್ಟ ಸುರುಳಿಯೇ ಕಂಡಿಕೆ. ಅದನ್ನು ಸುತ್ತಿಕೊಡುವುದು ಪಾಲಾಕ್ಷನ ಪಾಲಿನ ಕೆಲಸ. ಮೊದಲು ಮಗ್ಗದಲ್ಲಿ ಕೂರುತ್ತಿದ್ದವನು ಅವನೇ. ಬೆನ್ನು ಹಿಡಿದುಕೊಂಡಿತೆಂದು ಒಮ್ಮೆ ಗುಂಡಿಯಿಂದ ಮೇಲೆ ಬಂದವನು ಮತ್ತೆ ಇಳಿಯಲೇ ಇಲ್ಲ. ಕಂಡಿಕೆ ಸುತ್ತುವ ರಾಟೆಗೆ ಬೆನ್ನು ಬೇಡ, ಕೈ ಸಾಕು. ಆದರೆ ಚುನಾವಣೆ ಘೋಷಣೆಯಾದ ದಿನದಿಂದ ಆ ಕೈಯಲ್ಲಿ ಫೋನು ಬಂದು ಕೂತಿತ್ತು.

ಗುಟ್ಟಿಗೆ ತಕ್ಕ ಕಾರಣವೂ ಇತ್ತು. ಆಗ ಮಗ್ಗದ ಮೇಲಿದ್ದದ್ದು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರ ಜಂಬುಲಿಂಗಪ್ಪನವರ ಮಗಳು ರಶ್ಮಿತಾಳ ಧಾರೆ ಸೀರೆ. ಜಂಬುಲಿಂಗಪ್ಪನವರು ಆ ಕಡೆಯವರು, ಪಾಲಾಕ್ಷ ಈ ಕಡೆಯವನು. ಯಾವುದು ಆ ಕಡೆ, ಯಾವುದು ಈ ಕಡೆ ಎಂದು ಬಿಡಿಸಿ ಹೇಳಿದರೆ ಓದುವವರಲ್ಲೂ ಅರ್ಧ ಜನ ಎದ್ದು ಹೋಗುವ ಕಾಲವಿದು, ಆದ್ದರಿಂದ ಬೇಡ. ಸಾಹುಕಾರರಿಗೆ ಗೊತ್ತಾದರೆ ಸೀರೆ ಬೇರೆಯವರ ಮಗ್ಗಕ್ಕೆ ಹೋಗುತ್ತದೆ ಎಂಬುದು ಪಾಲಾಕ್ಷನಿಗೆ ಗೊತ್ತಿತ್ತು. ಅಷ್ಟು ಚೆಂದದ ಸೀರೆ ರೇಣುಕಮ್ಮನ ಕೈಯಿಂದ ಅದುವರೆಗೆ ಆಗಿರಲಿಲ್ಲ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು, ನಡುನಡುವೆ ಗಿಳಿ ಬುಟ್ಟಾ. ಅದನ್ನು ಕಂಡರೆ ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಕಂಡಷ್ಟೇ ಪ್ರೀತಿ.

ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಿದ ದಿನ ಸಾಹುಕಾರರ ಹೆಂಡತಿ ತಿಪ್ಪೇರುದ್ರಮ್ಮ ಬರಿಗೈಲಿ ಬರಬಾರದೆಂದು ತಮ್ಮ ಮಿಲ್ಲಿನ ಒಂದು ಕ್ಯಾನು ಕಡಲೇಕಾಯಿ ಎಣ್ಣೆ ತಂದುಕೊಟ್ಟಿದ್ದರು. ದೊಡ್ಡ ಮಗಳ ಮದುವೆಯಲ್ಲಿ ಯಾವುದೋ ಊರಿನ ನೇಕಾರನು ಇವತ್ತು ನಾಳೆ ಎನ್ನುತ್ತಾ ಮುಹೂರ್ತದ ಕೊನೇ ಗಳಿಗೆಯಲ್ಲಿ ಸೀರೆ ತಲುಪಿಸಿದ್ದನಂತೆ. ಆ ಭಯ ಆಕೆಯನ್ನು ಇನ್ನೂ ಬಿಟ್ಟಿರಲಿಲ್ಲ. ಮಗ್ಗದ ಪಕ್ಕದಲ್ಲೇ ಬಹಳ ಹೊತ್ತು ಕೂತು, ಇದೇನಮ್ಮ ನಿಮ್ಮ ಮಗ್ಗ ಹಸುಗೂಸಿನಂಗೆ ಅಳ್ತೈತಲ್ಲ ಎಂದು ನಕ್ಕು ಹೋಗಿದ್ದರು. ಅಳುವುದು ನಿಜ. ಪಾಲಾಕ್ಷನ ಅಪ್ಪನ ಕಾಲದ ಮಗ್ಗ. ನೂಲು ಬಡಿಯುವ ಹಲಗೆ ಮೇಲಿನ ತೊಲೆಗೆ ತೂಗುವ ಜಾಗದಲ್ಲಿ ಸವೆದು, ಪ್ರತಿ ಏಟಿಗೂ ಟಕ್ ಟಕ್ ಕಿರ್ರ್ ಎನ್ನುತ್ತಿತ್ತು. ಮನೆಯವರಿಗೆ ಅದು ಕೇಳಿಸುತ್ತಿರಲಿಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ಮಗ್ಗ ಓಡುವಾಗ ಯಾರಿಗೂ ಕೇಳಿಸುವುದಿಲ್ಲ, ನಿಂತರೆ ಮಾತ್ರ ಕೇಳಿಸುತ್ತದೆ.

ಹೀಗಿರಲಾಗಿ ಪಾಲಾಕ್ಷನು ಡಬ್ಬಿಯಲ್ಲಿ ಬಿದ್ದಿದ್ದ ಎರಡನೇ ಸಿಮ್ಮನ್ನು ಫೋನಿಗೆ ಹಾಕಿ, ‘ತಟಸ್ಥ ಭಾರತೀಯ’ ಎಂಬ ಹೆಸರು ಧರಿಸಿ, ಜಂಬುಲಿಂಗಪ್ಪನವರೂ ಸೇರಿ ಚಳ್ಳಕೆರೆಯಿಂದ ರಾಂಪುರದವರೆಗಿನ ಬುದ್ಧಿವಂತರೆಲ್ಲ ಇದ್ದ ‘ಬಯಲುಸೀಮೆ ಪ್ರಜ್ಞಾವಂತರ ಬಳಗ’ ಎಂಬ ವಾಟ್ಸಾಪ್ ಗ್ರೂಪಿಗೆ ಪಾದ ಬೆಳೆಸಿದ. ಹೆಸರಿನ ಪಕ್ಕಕ್ಕೊಂದು ಚಿತ್ರ ಬೇಕಾಯಿತು. ಹೂವು, ಪ್ರಾಣಿ, ಕೈ, ಕಾಲು, ಸೈಕಲ್ಲು, ಸೂರ್ಯ ಯಾವುದನ್ನು ಮುಟ್ಟಿದರೂ ಯಾವುದೋ ಒಂದು ಪಕ್ಷ ಆಗಲೇ ಅದನ್ನು ಹಿಡಿದುಕೊಂಡಿತ್ತು. ಕೊನೆಗೆ ಊರ ಹಿಂದಿನ ಬೆಟ್ಟದ ಒಂದು ಬಂಡೆಯ ಫೋಟೋ ತೆಗೆದು ಹಾಕಿದ. ಬಂಡೆಗೆ ಯಾವ ಪಕ್ಷವೂ ಗಂಟುಬಿದ್ದಿರಲಿಲ್ಲ.

ಟೈಪು ಮಾಡುವುದು ಅವನಿಂದಾಗದು. ಒತ್ತಕ್ಷರ ಹುಡುಕುವಷ್ಟರಲ್ಲಿ ಎದುರಾಳಿ ವಿಷಯ ಬದಲಿಸಿರುತ್ತಿದ್ದ. ಹಾಗಾಗಿ ಎಲ್ಲವೂ ಧ್ವನಿ ಸಂದೇಶ. ಗುರುತು ಸಿಗದಿರಲೆಂದು ಬಾಯಿಗೆ ಟವೆಲು ಅಡ್ಡ ಹಿಡಿದು, ಹಿಂದೆ ಊರ ನಾಟಕದಲ್ಲಿ ರಾಜನ ಪಾತ್ರ ಮಾಡಿದ್ದ ಗಂಟಲನ್ನು ಮತ್ತೆ ಹೊರತೆಗೆದ. “ಮಾನ್ಯ ಜಂಬುಲಿಂಗಪ್ಪನವರೇ, ಇತಿಹಾಸವು ತಮ್ಮನ್ನು ಕ್ಷಮಿಸಲಾರದು” ಎಂದು ಶುರುವಾದರೆ ಉಸಿರು ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. ಬೆಟ್ಟಗಳ ನಡುವಿನ ಆ ಮನೆಯಲ್ಲಿ ಸಿಗ್ನಲ್ಲು ಬರುತ್ತಿದ್ದದ್ದು ಮಗ್ಗದ ಪಕ್ಕದ ಕಿಟಕಿಯಲ್ಲಿ ಮಾತ್ರ. ಬೀದಿಗೆ ಹೋಗಿ ಮಾತಾಡಿದರೆ ಗುಟ್ಟು ಬೀದಿಪಾಲು. ಆದ್ದರಿಂದ ದೇಶದ ಭವಿಷ್ಯವೆಲ್ಲ ಆ ಕಿಟಕಿಯಲ್ಲೇ ನಿರ್ಧಾರವಾಗುತ್ತಿತ್ತು.

ಜಂಬುಲಿಂಗಪ್ಪನವರು ಬಿಡುವ ಕುಳವಲ್ಲ. ಬೆಳಿಗ್ಗೆ ಎದ್ದರೆ ಒಂದು ಪ್ರಶ್ನೆ, ಊಟವಾದರೆ ಇನ್ನೊಂದು, ಸಂಜೆ ಮಿಲ್ಲಿನ ಬಾಗಿಲು ಹಾಕುವಾಗ ಮತ್ತೊಂದು. ಪಾಲಾಕ್ಷ ಎಷ್ಟು ಉದ್ದ ಉತ್ತರ ಕೊಟ್ಟರೂ, ಇದು ಸಾಲದು, ಇನ್ನೂ ವಿವರವಾಗಿ ಧ್ವನಿಯಲ್ಲೇ ಹೇಳಿ ಎನ್ನುತ್ತಿದ್ದರು. ಬಳಗದಲ್ಲಿ ಬೇರೆ ಯಾರನ್ನೂ ಅವರು ಹೀಗೆ ಕೇಳುತ್ತಿರಲಿಲ್ಲ.

ನನ್ನ ವಾದಕ್ಕೆ ಸಾವ್ಕಾರ್ರ ನಿದ್ದೆ ಕೆಟ್ಟೈತೆ ಎಂದು ಪಾಲಾಕ್ಷ ಹೆಂಡತಿಯ ಮುಂದೆ ಮೀಸೆ ತಿರುವಿದ. ಅವಳು ಕಂಡಿಕೆ ಕೇಳಿದಳು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ರಾಂಪುರದ ಓಬಳೇಶನೆಂಬುವವನು ಬಳಗದಲ್ಲಿ ಒಂದು ಸಾಲು ಹಾಕಿದ: “ತಟಸ್ಥಣ್ಣ, ನಿಮ್ಮ ಹಿಂದೆ ಏನೋ ಕಿರ್ ಅಂತೈತೆ, ಮಗ್ಗನಾ? ಎವರನ್ನಾ ನುವ್ವು?” ಗಡಿಯ ತೆಲುಗು ಪಾಲಾಕ್ಷನಿಗೆ ಚೆನ್ನಾಗಿ ಬರುತ್ತಿತ್ತು. ನೀನು ಯಾರಣ್ಣ ಎಂದರೆ ಏನರ್ಥ ಎಂಬುದು ಅವನ ಬೆನ್ನಿಗೂ ತಿಳಿದು ಬೆವರಿತು. ಹಳೆಯ ಸಂದೇಶಗಳನ್ನು ಒಂದೊಂದಾಗಿ ಕಿವಿಗೆ ಹಚ್ಚಿ ಕೇಳಿದ. ಇತಿಹಾಸವು ಕ್ಷಮಿಸಲಾರದು, ಟಕ್ ಟಕ್ ಕಿರ್ರ್. ಪ್ರಜಾಪ್ರಭುತ್ವದ ಗತಿಯೇನು, ಟಕ್ ಟಕ್ ಕಿರ್ರ್. ಅಪ್ಪನ ಕಾಲದ ಮಗ್ಗವು ಮೊದಲ ಬಾರಿಗೆ ಅವನಿಗೆ ಕೇಳಿಸಿತು.

ತಾನು ಮಾತಾಡುವಾಗಲಾದರೂ ಮಗ್ಗ ನಿಲ್ಲಿಸೆಂದು ಹೆಂಡತಿಯನ್ನು ಬೇಡಿದ. ದಿನದಲ್ಲಿ ನೀವು ಮಾತಾಡದ ಹೊತ್ತು ಯಾವುದೈತೆ ಹೇಳ್ರಿ, ಆವಾಗ ನೇಯ್ತೀನಿ ಎಂದಳು.

ಮರುದಿನ ರೇಣುಕಮ್ಮ ಪಕ್ಕದ ಬೀದಿಯ ಸೂರಮ್ಮನ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಳು. ಪಾಲಾಕ್ಷ ಬಾಗಿಲು ಹಾಕಿ, ಸ್ಟೂಲು ಹತ್ತಿ, ಹಲಗೆ ತೂಗುವ ಜಾಗಕ್ಕೆ ಚಮಚದಲ್ಲಿ ಕಡಲೇಕಾಯಿ ಎಣ್ಣೆ ಬಿಟ್ಟ. ಕಿರ್ರ್ ಸ್ವಲ್ಪ ತಗ್ಗಿತು. ಸ್ವಲ್ಪದಲ್ಲಿ ತೃಪ್ತಿಪಡುವವನು ದೇಶ ಉಳಿಸುತ್ತಾನೆಯೇ? ಚಮಚ ಬಿಟ್ಟು ಕ್ಯಾನನ್ನೇ ಎತ್ತಿದ. ಈಗ ಹಲಗೆ ಬೆಣ್ಣೆಯಲ್ಲಿ ಜಾರಿದಂತೆ ಹೋಗಿ ಬಂತು, ಸದ್ದೇ ಇಲ್ಲ. ತನ್ನ ಬುದ್ಧಿಗೆ ತಾನೇ ತಲೆದೂಗುತ್ತಾ ಕೆಳಗೆ ನೋಡಿದ. ಹೆಚ್ಚಾದ ಎಣ್ಣೆ ಹಲಗೆ ತೂಗುವ ಹಗ್ಗ ಹಿಡಿದು ನಿಧಾನವಾಗಿ ಇಳಿದು, ಇನ್ನೂ ನೇಯದ ಅರಿಶಿನ ಬಣ್ಣದ ಹಾಸಿನ ನಟ್ಟನಡುವೆ ತೊಟ್ಟಿಕ್ಕಿ ಅಂಗೈಯಗಲ ಹರಡಿತ್ತು.

ವಿಭೂತಿ ಎಣ್ಣೆ ಹೀರುತ್ತದೆಂದು ಎಲ್ಲೋ ಕೇಳಿದ್ದ. ದೇವರ ಗೂಡಿನಿಂದ ತಂದು ಉದುರಿಸಿದ. ಎಣ್ಣೆ ಹೋಗಲಿಲ್ಲ, ಕಲೆಗೆ ದೀಕ್ಷೆ ಕೊಟ್ಟಂತಾಯಿತು ಅಷ್ಟೆ.

ರೇಣುಕಮ್ಮ ಬಂದು ನೋಡಿದಳು. ಬೈದಿದ್ದರೆ ಪಾಲಾಕ್ಷನ ಬಳಿ ಉತ್ತರಗಳಿದ್ದವು, ಬೈಯಲಿಲ್ಲ. ಮಗ್ಗದ ಅಂಚಿಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇದು ಆರೋವರ್ಗೂ ಮಗ್ಗ ಮುಟ್ಟಂಗಿಲ್ಲ,” ಎಂದಳು. “ಮದ್ವೆ ಹತ್ರ ಬಂತು.”

ಪಾಲಾಕ್ಷನಿಗೆ ನಿಜವಾಗಿಯೂ ಸಂಕಟವಾಯಿತು. ಅವಳು ಅತ್ತದ್ದನ್ನು ಅವನು ನೋಡಿದ್ದೇ ಕಡಿಮೆ. ತಾನೇ ಹೋಗಿ ಒಂದು ಹಿಡಿ ಕಂಡಿಕೆ ಸುತ್ತಿಟ್ಟ. ಆದರೆ ಮನೆ ಅಷ್ಟು ನಿಶ್ಶಬ್ದವಾಗಿ ಎಂದೂ ಇರಲಿಲ್ಲ. ಆ ನಿಶ್ಶಬ್ದವನ್ನು ವ್ಯರ್ಥಮಾಡಲು ಮನಸ್ಸಾಗದೆ, ಪಶ್ಚಾತ್ತಾಪದ ನಡುನಡುವೆಯೇ ಕೆಲವು ಭಾಷಣ ಕಳಿಸಿದ. ಈಗ ಗಂಟಲೊಂದೇ, ಹಿಂದೆ ಏನೂ ಇಲ್ಲ.

ಜಂಬುಲಿಂಗಪ್ಪನವರ ಕಡೆಯಿಂದ ತಕ್ಷಣ ಬಂತು: ಇನ್ನೊಂದು ಕಳಿಸಿ. ಅದನ್ನು ಕಳಿಸಿದರೆ, ಇದು ಯಾವಾಗ ಮಾತಾಡಿದ್ದು, ಈಗಿನದನ್ನು ಕಳಿಸಿ. ಮಾರನೆಯ ದಿನ ಸಂಜೆ ಹೊತ್ತಿಗೆ, ದಯವಿಟ್ಟು ಏನಾದರೂ ಹೇಳಿ, ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದೇವೆ ಎಂದು ಬರೆದರು. ಸಾಹುಕಾರ ಸೋತ, ಕುಟುಂಬ ಸಮೇತ ಸೋತ ಎಂದು ಪಾಲಾಕ್ಷ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಬೆಳಿಗ್ಗೆ ಮನೆ ಮುಂದೆ ಕಾರು ನಿಂತಿತು.

ಜಂಬುಲಿಂಗಪ್ಪನವರು ಇಳಿದರು, ಹಿಂದಿನಿಂದ ತಿಪ್ಪೇರುದ್ರಮ್ಮ ಇಳಿದರು. ಓಬಳೇಶ ಬಾಯಿಬಿಟ್ಟಿರಬೇಕು, ಸೀರೆ ಹೋಯಿತು, ರೇಣುಕಾಳ ಮುಖ ಇನ್ನು ನೋಡುವುದು ಹೇಗೆ ಎಂದುಕೊಂಡ ಪಾಲಾಕ್ಷ ಹೊಸಿಲಲ್ಲೇ ಕೈಮುಗಿದ.

“ತಪ್ಪಾಯ್ತು ಸಾವ್ಕಾರ್ರೇ. ಇತಿಹಾಸ ಕ್ಷಮಿಸಲ್ಲ ಅಂತ ಅಂದಿದ್ದು ಬಾಯ್ತಪ್ಪಿ ಬಂದಿದ್ದು. ಇತಿಹಾಸ ನಿಮ್ಮನ್ನ ಕ್ಷಮಿಸ್ತೈತೆ.”

ತಿಪ್ಪೇರುದ್ರಮ್ಮ ಅವನನ್ನು ದಾಟಿಕೊಂಡು ನೆಟ್ಟಗೆ ಮಗ್ಗದ ಹತ್ತಿರ ಹೋದರು. ಮಗ್ಗ ಯಾಕಮ್ಮ ನಿಂತೈತೆ ಎಂದು ರೇಣುಕಮ್ಮನನ್ನು ಕೇಳಿದರು.

ರೇಣುಕಮ್ಮ ಗಂಡನ ಕಡೆ ನೋಡಲೂ ಇಲ್ಲ, ಅವನ ಹೆಸರು ಹೇಳಲೂ ಇಲ್ಲ. “ಎಣ್ಣೆ ಬಿತ್ತಮ್ಮ,” ಎಂದಳು. “ನಿಮ್ಮತ್ರ ಸುಳ್ಳು ಹೇಳಲ್ಲ. ಕಲೆ ಬಿದ್ದ ಜಾಗಕ್ಕೆ ಗಿಳಿ ಬುಟ್ಟಾ ಒತ್ತಾಗಿ ಕೂರ್ಸಿದ್ರೆ ಕಾಣಲ್ಲ. ಬೇಡ ಅಂದ್ರೆ ಹಾಸು ಕತ್ತರಿಸಿ ಹೊಸಾದು ಹೂಡ್ತೀನಿ, ಹಗಲೂ ರಾತ್ರಿ ಕೂರ್ತೀನಿ.”

ತಿಪ್ಪೇರುದ್ರಮ್ಮ ಬಗ್ಗಿ ಮೂಸಿ ನೋಡಿದರು. ಕಡಲೇಕಾಯಿ ಎಣ್ಣೆ ಎಂದರು. ನಿಮ್ಮ ಮಿಲ್ಲಿಂದೇ ಎಂದಳು ರೇಣುಕಮ್ಮ. ಜಂಬುಲಿಂಗಪ್ಪನವರು ಹೊಸಿಲಿನಿಂದಲೇ, ನಮ್ದಾದ್ರೆ ಕಲಬೆರಕೆ ಇರಲ್ಲ ಬಿಡು ಎಂದು ಸಮಾಧಾನ ಹೇಳಿದರು.

ತಿಪ್ಪೇರುದ್ರಮ್ಮ ಹಾಸಿನ ಮೇಲೆ ಕೈಯಾಡಿಸಿದರು. ಆಗಲೇ ನೇಯ್ದ ಗಿಳಿಗಳನ್ನು ನೋಡಿದರು. ಅವರ ಮುಖ ಸಡಿಲವಾಯಿತು. “ಗಿಳಿ ಕೂರ್ಸಮ್ಮ. ಒಂದು ಗಿಳಿ ಜಾಸ್ತಿ ಆದ್ರೆ ಯಾರೂ ಮದ್ವೆ ನಿಲ್ಸಲ್ಲ. ನೀನು ನೇಯ್ತಾ ಇದ್ದೀಯ ಅನ್ನೋದೊಂದೇ ನಂಗೆ ಬೇಕಾಗಿರೋದು.”

ಅಪಾಯ ಕಳೆಯಿತೆಂದು ತಿಳಿದ ಮೇಲೆ ಪಾಲಾಕ್ಷನಿಗೆ ಒಂದು ಸಂಶಯ ಹುಟ್ಟಿತು. ಮಗ್ಗ ನಿಂತದ್ದು ಚಳ್ಳಕೆರೆಯಲ್ಲಿ ಕೂತವರಿಗೆ ಗೊತ್ತಾದದ್ದು ಹೇಗೆ?

“ಹೆಂಗೆ ಅಂದ್ರೆ?” ಎಂದರು ಜಂಬುಲಿಂಗಪ್ಪನವರು. “ನೀನು ಮೊದಲ್ನೇ ದಿನ ಕಳಿಸಿದ್ಯಲ್ಲ, ಅವತ್ತೇ ಇವಳು ಅದು ರೇಣುಕಮ್ಮನ ಮಗ್ಗ ಅಂದ್ಲು. ಫೋನ್ ಮಾಡಿ ಕೇಳಿದ್ರೆ ಎಲ್ಲಾ ನೇಕಾರ್ರೂ ನಡೀತೈತೆ ಅಂತಾರೆ. ಮಗ್ಗ ಸುಳ್ಳು ಹೇಳಲ್ಲ ನೋಡು. ದಿನಾ ಹೊತ್ತೊತ್ತಿಗೆ ನಿನ್ನನ್ನ ಏನಾದ್ರೂ ಕೇಳೋದು, ನೀನು ಕಳಿಸೋದು, ಇವಳು ಕೇಳಿಸ್ಕೊಳೋದು. ಅವತ್ತಿನ ಊಟ ಸೇರೋದು.”

ಪಾಲಾಕ್ಷ ಮುಗಿದ ಕೈ ಕೆಳಗಿಳಿಸಿದ. “ಹಂಗಾದ್ರೆ ನನ್ನ ಮಾತು?”

“ಯಾವ ಮಾತು?”

“ಎಲೆಕ್ಷನ್ ಬಗ್ಗೆ ಆಡಿದ್ನಲ್ಲ ಸಾವ್ಕಾರ್ರೇ, ಅಷ್ಟೊಂದು.”

ಜಂಬುಲಿಂಗಪ್ಪನವರು ಮರ್ಯಾದಸ್ಥರು. ಬಡವನ ಮನಸ್ಸು ನೋಯಿಸಬಾರದೆಂದು ಸ್ವಲ್ಪ ಯೋಚಿಸಿ, ಹತ್ತಿರ ಬಂದು, ನಿಜವಾದ ಆಸಕ್ತಿಯಿಂದಲೇ ಕೇಳಿದರು: “ಅಂದಂಗೆ ಪಾಲಾಕ್ಷಪ್ಪ, ನೀನು ಯಾವ ಕಡೆ?”

ಪಾಲಾಕ್ಷನಿಗೆ ತಾನು ಯಾವ ಕಡೆ ಎಂದು ಹೇಳುವ ಆಸೆಯೇ ಹೋಯಿತು.

ಹೋಗುವಾಗ ತಿಪ್ಪೇರುದ್ರಮ್ಮ ದಿನಾ ಬೆಳಿಗ್ಗೆ ತಪ್ಪದೆ ಒಂದು ಸಂದೇಶ ಕಳಿಸಬೇಕೆಂದು ಅವನಿಗೆ ಕಟ್ಟಪ್ಪಣೆ ಮಾಡಿದರು. ವಿಷಯ ಏನಾದರೂ ಆಗಲಿ ಎಂದರು. ರೇಣುಕಮ್ಮ ತೊಲೆಯ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆದಳು, ಹಾಸಿನ ಮೇಲೆ ಗಿಳಿ ಕೂತಿತು, ಮಗ್ಗ ಹಳೆಯ ಅಳುವನ್ನು ಮತ್ತೆ ಶುರುಮಾಡಿತು.

ಮಾರನೆಯ ಬೆಳಿಗ್ಗೆ ಪಾಲಾಕ್ಷ ಕಿಟಕಿಯ ಬಳಿ ಕೂತ. ಹೇಗೂ ಗುರುತು ಸಿಕ್ಕಿದ್ದರಿಂದ ಟವೆಲು ಬೇಕಾಗಲಿಲ್ಲ. ಏನಾದರಾಗಲಿ, ಇಂದು ಮಾತೇ ಗೆಲ್ಲಬೇಕೆಂದು ಗಂಟಲು ಸರಿಮಾಡಿಕೊಂಡು, ಸಂವಿಧಾನ, ಬೆಲೆಯೇರಿಕೆ, ಮುಂದಿನ ಪೀಳಿಗೆ ಎಲ್ಲವನ್ನೂ ಸೇರಿಸಿ ತನ್ನ ಜೀವಮಾನದ ಅತ್ಯುತ್ತಮ ಭಾಷಣ ಮಾಡಿ ಬಳಗಕ್ಕೆ ಕಳಿಸಿದ.

ಜಂಬುಲಿಂಗಪ್ಪನವರ ಉತ್ತರ ಬಳಗದಲ್ಲೇ, ಎಲ್ಲರ ಮುಂದೆ ಬಂತು: “ಪಾಲಾಕ್ಷಪ್ಪ, ಇನ್ನೊಂದ್ಸಲ ಕಳಿಸು. ಈ ಸಲ ಸ್ವಲ್ಪ ಸುಮ್ನೆ ಕೂತ್ಕೋ. ನಿನ್ನ ಮಾತು ಅಡ್ಡ ಬಂದು ಮಗ್ಗ ಸರಿಯಾಗಿ ಕೇಳಿಸ್ತಿಲ್ಲ.”

ಅದರ ಕೆಳಗೆ ಹೆಬ್ಬೆರಳುಗಳು ಒಂದೊಂದಾಗಿ ಏಳತೊಡಗಿದವು. ಮೊದಲು ಓಬಳೇಶನದು, ಆಮೇಲೆ ಉಳಿದವರದು. ಆ ಕಡೆಯವರೂ ಈ ಕಡೆಯವರೂ ಒಂದೇ ಮಾತಿಗೆ ಒಟ್ಟಿಗೆ ಹೆಬ್ಬೆರಳೆತ್ತಿದ್ದು ಆ ಬಳಗದ ಇತಿಹಾಸದಲ್ಲಿ ಅದೇ ಮೊದಲು.