ಟವೆಲ್ ಒಳಗಿನ ನಾಲ್ಕನೇ ಬೆರಳು

ಮನೆಯಲ್ಲಿ ಮೂರು ಮೊಮ್ಮಕ್ಕಳಿದ್ದು, ಜೇಬಿನಲ್ಲಿ ಒಂದು ದೊಡ್ಡ ಫೋನಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ಏನೂ ನಡೆಯದ ದಿನವೇ ನನಗೆ ಅನುಮಾನ. ಯಾವುದೋ ಮೂಲೆಯಲ್ಲಿ ಇನ್ನೂ ದೊಡ್ಡದೇನೋ ತಯಾರಾಗುತ್ತಿದೆ ಅಂತಲೇ ಅರ್ಥ.

ಮಧುಗಿರಿಯಲ್ಲಿ ನಮ್ಮದು ಹುಣಸೆಹಣ್ಣಿನ ಮಂಡಿ. ಹೋದ ಬೇಸಿಗೆಯಲ್ಲಿ ಕೊರಟಗೆರೆ, ಹೊಳವನಹಳ್ಳಿ ಕಡೆಯ ಹಣ್ಣೆಲ್ಲ ಕೊಂಡು ಗೋಡೌನ್ ತುಂಬಿಸಿದ್ದೆ. ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಸಿಗಲಿಲ್ಲ. ಹುಣಸೆಹಣ್ಣು ಕೆಂಪಗಿರುವಾಗಲೇ ಸಾಗಬೇಕು. ಮಳೆಗಾಳಿ ತಗುಲಿತೋ, ಕಪ್ಪಾಯಿತು, ಬೆಲೆ ಬಿತ್ತು. ಅಷ್ಟು ಮಾಲನ್ನೂ ಒಟ್ಟಿಗೆ ಎತ್ತುವವರು ಪಾವಗಡದ ಒಬ್ಬ ವ್ಯಾಪಾರಿ, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವವರು. ಅವರೋ ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ನುತ್ತಿದ್ದರು. ಮೋಡ ನೋಡುವುದು, ಫೋನ್ ನೋಡುವುದು, ಎದ್ದು ಗೋಡೌನ್ ನೋಡಿ ಬರುವುದು, ನನಗೆ ಅದೇ ಕೆಲಸವಾಗಿತ್ತು. ಅದರ ಮೇಲೆ ಶಾಲೆಗೆ ರಜ. ಸೊಸೆ ಟೀಚರು; ಅವಳಿಗೆ ಮಾತ್ರ ರಜದಲ್ಲೂ ಎಂಥದೋ ತರಬೇತಿ. ಮಕ್ಕಳು ಮೂರೂ ಮಂಡಿಗೆ ಬಂದು ಬಿದ್ದವು.

೧. ಮೀಸೆ

ಹಣ್ಣಿನ ಬಣ್ಣ ಕಣ್ಣಾರೆ ತೋರಿಸಿದರೆ ಪಾವಗಡದವರು ಒಪ್ಪಬಹುದು ಅನಿಸಿತು. ನಡುವಿನ ಮೊಮ್ಮಗ, ಎರಡನೇ ಕ್ಲಾಸಿನವನು, "ನೀನು ಹಣ್ಣು ಹಿಡ್ಕಂಡು ನಿಂತ್ಕ ತಾತ, ನಾನು ವಿಡಿಯೋ ತೆಗಿತೀನಿ" ಅಂದ. ನಾನು ಗಂಭೀರವಾಗಿ, "ನೋಡಿ ಸ್ವಾಮಿ, ಬಣ್ಣ ನೋಡಿ. ನಾರಿಲ್ಲ, ಬೀಜ ಇಲ್ಲ" ಅಂದೆ. ಅವನೇ ಕಳಿಸಿದ.

ಸ್ವಲ್ಪ ಹೊತ್ತಿಗೆ ಪಾವಗಡದಿಂದ ಫೋನು. "ಹಣ್ಣು ಬಾಗುಂದಿ ಅಣ್ಣಾ. ಮೀಸೆ ಯಾವಾಗ ಬಿಟ್ರಿ?"

ನನಗೆ ಮೀಸೆಯೇ ಇಲ್ಲ. ವಿಡಿಯೋ ತೆಗೆಸಿ ನೋಡಿದರೆ ಎರಡು ಕೆನ್ನೆಗೂ ಬೆಕ್ಕಿನ ಮೀಸೆ, ತಲೆಯ ಮೇಲೆ ಎರಡು ಕಿವಿ. 'ಬೀಜ ಇಲ್ಲ' ಅನ್ನುವಾಗ ಗುಲಾಬಿ ಬಣ್ಣದ ನಾಲಿಗೆ ಬೇರೆ ಹೊರಗೆ ಬರುತ್ತದೆ.

"ಏನ್ಲಾ ಇದು?"

"ಬರೀ ಹುಣಸೆಹಣ್ಣು ಯಾರ್ ನೋಡ್ತಾರೆ ತಾತ? ಈಗ ಪೂರ್ತಿ ನೋಡುದ್ರು ತಾನೆ?"

ಪೂರ್ತಿ ನೋಡಿದ್ದರು. ಸುಮಾರು ಜನಕ್ಕೆ ಕಳಿಸಿಯೂ ಇದ್ದರು.

೨. ಬೀಗ

ಇನ್ನು ಇವರ ಕೈಗೆ ಫೋನ್ ಕೊಡಬಾರದು ಅಂತ ಬೆರಳು ಇಟ್ಟರೆ ಮಾತ್ರ ತೆರೆಯುವ ಬೀಗ ಹಾಕಿಸಲು ಹೊರಟೆ. ಫೋನ್ ರಿಪೇರಿಯವನು ನನ್ನ ಹತ್ತೂ ಬೆರಳನ್ನು ಒರೆಸಿ ಒರೆಸಿ ಒತ್ತಿಸಿದ. ಹುಟ್ಟಿದಾಗಿನಿಂದ ಹುಣಸೆಹಣ್ಣು ಹಿಸುಕಿದ ಕೈ. ರೇಖೆ ಸವೆದುಹೋಗಿದೆ.

"ಯಜಮಾನ್ರೆ, ನಿಮಗೆ ಬೆರಳೇ ಇಲ್ಲ ಅಂತೈತೆ ಫೋನು" ಅಂದ. ನಂಬರ್ ಬೀಗ ಹಾಕಿದರೆ ಮಕ್ಕಳು ಹಿಂದೆ ನಿಂತು ನೋಡಿಕೊಳ್ಳುತ್ತವೆ. ಕೊನೆಗೆ ಇದ್ದುದರಲ್ಲಿ ಜವಾಬ್ದಾರಿಯವಳು ಅಂತ ದೊಡ್ಡ ಮೊಮ್ಮಗಳ ಬೆರಳು ಕೊಡಿಸಿದೆ.

ಅವಳು ನಾಲ್ಕನೇ ಕ್ಲಾಸು. ವ್ಯಾಪಾರ ನಮ್ಮ ವಂಶದಲ್ಲೇ ಇದೆ. ಫೋನ್ ತೆಗಿಯಮ್ಮ ಅಂದರೆ ಮಾತಿಲ್ಲ, ಕತೆಯಿಲ್ಲ, ಮೂರು ಬೆರಳು ಎತ್ತುತ್ತಾಳೆ. ಮೂರು ಮಕ್ಕಳಿಗೆ ಮೂರು ಐಸ್ ಕ್ಯಾಂಡಿ.

"ಒಂದು ಕಮ್ಮಿ ಮಾಡ್ಕೊ" ಅಂದೆ.

"ಬೇರೆ ಕಡೆ ವಿಚಾರಿಸಿ ತಾತ" ಅಂದಳು. ಗಿರಾಕಿಗಳಿಗೆ ನಾನು ಹೇಳುವ ಮಾತದು.

೩. ಹೋಗ್ಬುಟ್ರು

ಬೀಗ ಹಾಕಿದ ಫೋನಿನಲ್ಲೂ ಬಂದ ಕರೆಯನ್ನು ಯಾರು ಬೇಕಾದರೂ ಎತ್ತಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲದ ಒಂದು ಬೆಳಿಗ್ಗೆ ಫೋನನ್ನು ಗಲ್ಲಾಪೆಟ್ಟಿಗೆ ಮೇಲಿಟ್ಟು ಹಿತ್ತಿಲಿಗೆ ಹೋಗಿದ್ದೆ. ಆಗಲೇ ಪಾವಗಡದವರ ಕರೆ. ಎತ್ತಿದವನು ನಡುವಿನವನು.

"ತಾತ ಲೇರಾ? ಇಲ್ವಾ?"

"ತಾತ ಹೋಗ್ಬುಟ್ರು."

ಅಂಗಡಿಯಲ್ಲಿ ಯಾರೇ ಎದ್ದು ಹೋದರೂ 'ಬರ್ತಾರೆ' ಅನ್ನಬೇಕು, 'ಹೋದ್ರು' ಅನ್ನಬಾರದು. ಅದನ್ನು ಆ ಫೋನಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

"ಅಯ್ಯೋ. ಎಪ್ಪುಡು? ಯಾವಾಗ?"

"ಈಗ್ಲೇ. ರಾತ್ರಿಯಿಂದ ಹೊಟ್ಟೆ ನೋವು ಅಂತಿದ್ರು. ತಡ್ಕಳ್ಳಕ್ಕೆ ಆಗ್ಲಿಲ್ಲ."

ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ವರ್ತಕರ ವಾಟ್ಸಾಪ್ ಗುಂಪಿನಲ್ಲಿ ನನಗೆ ಶ್ರದ್ಧಾಂಜಲಿ ನಡೆಯುತ್ತಿತ್ತು. ಅವಸರಕ್ಕೆ ಅವರ ಬಳಿ ನನ್ನ ಬೇರೆ ಫೋಟೋ ಇರಲಿಲ್ಲ ಅಂತ ಕಾಣುತ್ತದೆ. ಹೂವಿನ ಹಾರದ ನಡುವೆ ಬೆಕ್ಕಿನ ಮೀಸೆ ಬಿಟ್ಟುಕೊಂಡು ನಾನು ಹುಣಸೆಹಣ್ಣು ಹಿಡಿದಿದ್ದೇನೆ. ಕೆಳಗೆ ಸಾಲಾಗಿ ಕೈಮುಗಿದವರೇ. ಒಬ್ಬರು ಮಾತ್ರ ಕೆಲಸಕ್ಕೆ ಬರುವ ಮಾತು ಬರೆದಿದ್ದರು: "ದೊಡ್ಡ ಜೀವ. ಗೋಡೌನಲ್ಲಿರೋ ಮಾಲು ಏನು ರೇಟಿಗೆ ಬಿಡ್ತಾರಂತೆ?"

೪. ಟವೆಲ್

ನಾನು ಬದುಕಿದ್ದೇನೆ ಅಂತ ಬಾಯಲ್ಲಿ ಹೇಳಿದರೆ ಪಾವಗಡದವರು ನಂಬಲಿಲ್ಲ. "ಮುಖ ತೋರಿಸಿ ಅಣ್ಣಾ, ಆಮೇಲೆ ವ್ಯಾಪಾರ" ಅಂತ ವಿಡಿಯೋ ಕರೆ ಮಾಡಿದರು. ಮುಖ ನೋಡಿ ಸಮಾಧಾನವಾಗಿ, "ಸರೇ, ರೇಟ್ ಹೇಳಿ, ಇವತ್ತೇ ಮುಗಿಸೋಣ" ಅಂದರು. ಹೊರಗೆ ಮೋಡ ಕಟ್ಟಿ ಗುಡುಗು ಶುರುವಾಗಿತ್ತು. ನನ್ನ ಎದುರಿಗೆ ಶಿರಾದ ಸಾಹೇಬರು ಟೀ ಕುಡಿಯುತ್ತ ಕೂತಿದ್ದರು. ನಾನು ಸತ್ತ ಸುದ್ದಿ ಕೇಳಿ ಮಾಲು ನೋಡಲು ಬಂದವರು. ಅವರ ಮುಂದೆ ರೇಟು ಬಾಯಿ ಬಿಟ್ಟು ಹೇಳುವ ಹಾಗಿಲ್ಲ.

ನಮ್ಮಪ್ಪ ದನದ ಸಂತೆಯಿಂದ ಮಂಡಿಗೆ ತಂದ ಪದ್ಧತಿ ಒಂದಿದೆ. ಟವೆಲ್ ಮುಚ್ಚಿ ಒಳಗೆ ಬೆರಳಲ್ಲಿ ರೇಟು ಹೇಳುವುದು. ಒಂದು ಬೆರಳಿಗೆ ಆ ದಿನದ ದರದ ಮೇಲೆ ಕ್ವಿಂಟಾಲಿಗೆ ನೂರು ರೂಪಾಯಿ; ನಮ್ಮ ಗಿರಾಕಿಗಳಿಗೆಲ್ಲ ಗೊತ್ತು. ಅಭ್ಯಾಸಬಲ, ಹೆಗಲ ಮೇಲಿನ ಬಿಳಿ ಟವೆಲನ್ನು ಫೋನಿನ ಮೇಲೆ ಮುಚ್ಚಿ, ಕೈ ಒಳಗೆ ಹಾಕಿ ಮೂರು ಬೆರಳು ಹಿಡಿದೆ.

"ಏಮೀ ಕಾಣ್ತಾ ಲೇದು ಅಣ್ಣಾ. ಕರೆಂಟ್ ಹೋಯ್ತಾ?"

ನಡುವಿನವನು ಅವರಪ್ಪನ ಫೋನಿನ ಟಾರ್ಚ್ ಹಾಕಿಕೊಂಡು ಟವೆಲ್ ಒಳಗೆ ನುಗ್ಗಿದ. ಅವನ ಹಿಂದೆಯೇ ಅಂಗನವಾಡಿಯ ಚಿಕ್ಕವನೂ ತೂರಿಕೊಂಡ.

"ಇಪ್ಪುಡು ಕಂಡಿತು. ನಾಲ್ಕಾ? ಜಾಸ್ತಿ ಆಯ್ತಲ್ಲ ಅಣ್ಣಾ."

ನಾನು ಹಿಡಿದದ್ದು ಮೂರು. ಇವರಿಗೆ ಕಣ್ಣು ಮಂಜಾಗಿದೆ ಅಂದುಕೊಂಡೆ. ಅಷ್ಟರಲ್ಲಿ ಶಿರಾದವರು ಟೀ ಲೋಟ ಕೆಳಗಿಟ್ಟರು. ಒಳಗಿನ ಬೆಳಕಿಗೆ ಬೆರಳುಗಳೆಲ್ಲ ತೊಗಲುಗೊಂಬೆಯ ಹಾಗೆ ಟವೆಲ್ ಮೇಲೆ ಮೂಡಿದ್ದವು.

"ನಾಲ್ಕು ತಾನೆ? ಅವ್ರು ಬ್ಯಾಡ ಅಂದ್ರೆ ನಂಗೆ ಬಿಡಿ ಭಾಯ್, ಈಗ್ಲೇ ಲಾರಿ ತರಿಸ್ತೀನಿ."

ಟವೆಲ್ ಒಳಗಿಂದ ಪಾವಗಡದ ದನಿ ಅವಸರವಾಗಿ ಬಂತು. "ನೇನು ಬ್ಯಾಡ ಅನ್ನಲೇ ಇಲ್ಲ ಕದಾ. ನಾಲ್ಕಕ್ಕೆ ಖಾಯಂ."

ಸುಮ್ಮನಿರಬೇಕಾದಾಗ ಸುಮ್ಮನಿರುವುದೇ ವ್ಯಾಪಾರ. ಕರೆ ಮುಗಿದ ಮೇಲೆ ಟವೆಲ್ ಎತ್ತಿದರೆ, ನನ್ನ ಮೂರು ಬೆರಳಿಗೆ ಒತ್ತಿಕೊಂಡ ಹಾಗೆ ಚಿಕ್ಕವನ ಒಂದು ಬೆರಳು ಇನ್ನೂ ನೆಟ್ಟಗೆ ನಿಂತಿದೆ.

"ಇದ್ಯಾಕ್ಲಾ?"

"ನೀನು ಫೋನಲ್ಲಿ ಮೂರೇ ಐಸ್ ಕ್ಯಾಂಡಿ ಹೇಳ್ತಿದ್ದೆ. ಮೂರೂ ನಮ್ಗೇ ಆಗೋಯ್ತದೆ. ನಿಂಗೆ ಬ್ಯಾಡ್ವಾ ತಾತ?"

ಸಂಜೆ ಲಾರಿ ಲೋಡಾಗಿ, ಟಾರ್ಪಾಲು ಬಿಗಿದ ಮೇಲೆ ಮಳೆ ಬಂತು. ನಾಲ್ಕು ಐಸ್ ಕ್ಯಾಂಡಿ ತರಿಸಿದೆ. ನನ್ನದನ್ನೂ ಅವನೇ ತಿಂದ.